ಲಂಡನ್, ಬೆಂಗಳೂರು: ಜೀವನಮಟ್ಟಕ್ಕೊಂದು ಇತಿಹಾಸ



ಲಂಡನ್ನಿನಲ್ಲಿ ನಾಲ್ಕು ಕನ್ನಡ ಕುಟುಂಬಗಳು ಒಂದೆಡೆ ಸೇರಿದರೆ, ಊಟ ಮುಗಿಯುವುದರೊಳಗೆ ಹೋಲಿಕೆ ಆರಂಭವಾಗುತ್ತದೆ. ಇಲ್ಲಿನ ನಲ್ಲಿನೀರು, ಅಲ್ಲಿನ ಟ್ಯಾಂಕರು. ಅಲ್ಲಿನ ನೆಂಟರಿಷ್ಟರು, ಇಲ್ಲಿನ ಒಂಟಿತನ. ಹೋಲಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂದಿನ ಸ್ಥಿತಿಯನ್ನೇ ಆಯಾ ನಾಡಿನ ಹುಟ್ಟುಗುಣವೆಂದು ಭಾವಿಸುವುದು ಸರಿಯಲ್ಲ. ಜೀವನಮಟ್ಟಕ್ಕೂ ಒಂದು ಇತಿಹಾಸವಿದೆ. ಮುಖ್ಯವಾಗಿ ನೀರನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಪರಿಶೀಲಿಸೋಣ.

1854ರಲ್ಲಿ ಸೋಹೋದ ಬ್ರಾಡ್ ಸ್ಟ್ರೀಟ್ ಆಸುಪಾಸಿನಲ್ಲಿ ಆರುನೂರಕ್ಕೂ ಹೆಚ್ಚು ಜನ ಕಾಲರಾಕ್ಕೆ ಬಲಿಯಾದರು. ಅಲ್ಲಿನ ಒಂದು ಪಂಪಿನ ನೀರೇ ಇದಕ್ಕೆ ಕಾರಣವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರೂ, ಅಂದಿನ ಹಿರಿಯ ಅಧಿಕಾರಿಗಳು ಸುಲಭವಾಗಿ ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತವು ಪಾರ್ಲಿಮೆಂಟಿನ ಒಳಹೊಕ್ಕಾಗ ಹಣ ಕೂಡಲೇ ಮಂಜೂರಾಯಿತು. ಇಂಜಿನಿಯರ್ ಜೋಸೆಫ್ ಬಜಲ್‌ಗೆಟ್ ನಗರದ ಅಡಿಯಲ್ಲಿ 82 ಮೈಲಿಗಳ ಮುಖ್ಯ ಒಳಚರಂಡಿಗಳನ್ನು ಕಟ್ಟಿಸಿದರು. ಇಂದು ನಾವು ಅನುಭವಿಸುತ್ತಿರುವ ನೈರ್ಮಲ್ಯವು ಸಾವುನೋವುಗಳ ನಂತರ, ಸಾರ್ವಜನಿಕ ಹಣದಿಂದ ದೊರೆತದ್ದು.

ಸುಮಾರು ನಲವತ್ತು ವರ್ಷಗಳ ಬಳಿಕ ಬೆಂಗಳೂರು ಇದೇ ಹಾದಿಯಲ್ಲಿ ನಡೆಯಿತು. ಕೆರೆಬಾವಿಗಳನ್ನೇ ನಂಬಿದ್ದ ಊರಿಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಹರಿಯಿತು. 1898ರಲ್ಲಿ ಪ್ಲೇಗು ಬಂದೆರಗಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು.

ಆದರೆ ಎರಡೂ ನಗರಗಳ ಬೊಕ್ಕಸಗಳು ಸಮನಾಗಿರಲಿಲ್ಲ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಬ್ರಿಟಿಷರಿಗೆ ವರ್ಷಂಪ್ರತಿ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕಿತ್ತು. 1881ರ ಕರಾರು ಅದನ್ನು 35 ಲಕ್ಷಕ್ಕೆ ಏರಿಸಿತು. ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ್ದು ಆ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ನಮ್ಮವರು ದುಡಿದು ತೆಗೆದ ಸಂಪತ್ತಿನ ಒಂದು ಪಾಲು ಈ ದೇಶದ ಸೌಕರ್ಯದಲ್ಲಿಯೂ ಸೇರಿದೆಯೆಂಬುದನ್ನು ನಾವು ಮರೆಯಲಾಗದು.

ಹಾಗೆಂದು ಎಲ್ಲ ಹೊಣೆಯನ್ನೂ ಪರರ ಮೇಲೆ ಹೊರಿಸುವಂತಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದೂ, ಸಂಪಂಗಿ ಕೆರೆ ಕ್ರೀಡಾಂಗಣವಾದದ್ದೂ ನಮ್ಮವರ ಆಡಳಿತದಲ್ಲಿಯೇ. 1974ರಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಮೇಲೆತ್ತಿ ತರಲಾಗುತ್ತಿದ್ದರೂ, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವು ಪರದಾಡಿತು. ಇತ್ತ ಲಂಡನ್ನಿಗೂ ಬಜಲ್‌ಗೆಟ್‌ನ ಚರಂಡಿಗಳು ಸಾಲದಾಗಿ, ಥೇಮ್ಸ್‌ಗೆ ಕೊಳಚೆ ಸೇರದಂತೆ ತಡೆಯಲು 25 ಕಿಲೋಮೀಟರುಗಳ ಹೊಸ ಸುರಂಗವನ್ನು ಕೊರೆಯಬೇಕಾಯಿತು. ಅದು ಪೂರ್ಣವಾಗಿ ಜೋಡಣೆಗೊಂಡದ್ದು 2025ರಲ್ಲಿ. ಜೀವನಮಟ್ಟವು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಪ್ರತಿ ತಲೆಮಾರೂ ಅದನ್ನು ದುಡಿದೇ ಉಳಿಸಿಕೊಳ್ಳಬೇಕು.

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಬ್ರಿಟನ್ನಿನಲ್ಲಿ ಸುಮಾರು 81. ಅಂತರ ಇನ್ನೂ ಇದೆ, ಆದರೆ ಬಹಳವಾಗಿ ಕಿರಿದಾಗಿದೆ. ಇನ್ನು ಹೆಚ್ಚಿದ ಆಯುಸ್ಸನ್ನು ಯಾರ ಜೊತೆ ಕಳೆಯುವುದೆಂಬ ಪ್ರಶ್ನೆಗೆ ಅಂಕಿಅಂಶಗಳಲ್ಲಿ ಉತ್ತರವಿಲ್ಲ. 1948ರಲ್ಲಿ ಆರಂಭವಾದ ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಔಷಧ ನೀಡಬಲ್ಲದು. ಸಂಜೆ ಜಗುಲಿಯಲ್ಲಿ ಕುಳಿತು ಮಾತನಾಡಿಸಲಾರದು. ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟುಬಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಮಕ್ಕಳು ‘ಇಂಡಿಯಾ ಏಕೆ ಹೀಗಿದೆ?’ ಎಂದು ಕೇಳಿದಾಗ ನಾಚಿಕೆಯಿಂದಾಗಲಿ ಜಂಬದಿಂದಾಗಲಿ ಉತ್ತರಿಸದಿರೋಣ. ಬ್ರಾಡ್ ಸ್ಟ್ರೀಟಿನ ಪಂಪಿನ ಕಥೆಯನ್ನೂ ಹೆಸರಘಟ್ಟದ ಕೊಳಾಯಿಯ ಕಥೆಯನ್ನೂ ಒಟ್ಟಿಗೆ ಹೇಳೋಣ. ಎರಡೂ ಈಗ ಅವರವೇ ಕಥೆಗಳು.