ಇಪ್ಪತ್ತು ದಿನಗಳ ಅಳತೆ: ಬೆಂಕಿ, ಆಸಿಡ್ ಮತ್ತು ದಂಡ ಸಂಹಿತೆ

ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತ ದಂಡ ಸಂಹಿತೆ 1860ರಲ್ಲಿ ಕಾಯ್ದೆಯಾಯಿತು. 1862ರ ಜನವರಿ 1ರಂದು ಜಾರಿಗೆ ಬಂತು. ಅದರ 324ನೇ ಕಲಂ ಗಾಯಮಾಡುವ ಸಾಧನಗಳನ್ನು ಒಂದೊಂದಾಗಿ ಹೆಸರಿಸುತ್ತಿತ್ತು: ಗುಂಡು ಹಾರಿಸುವ, ಇರಿಯುವ, ಕೊಯ್ಯುವ ಆಯುಧ, ಬೆಂಕಿ, ಕಾಯಿಸಿದ ವಸ್ತು, ವಿಷ, ಮೈ ತಿನ್ನುವ ದ್ರವ್ಯ, ಸ್ಫೋಟಕ, ಉಸಿರಿಗೋ ಹೊಟ್ಟೆಗೋ ರಕ್ತಕ್ಕೋ ಸೇರಿದರೆ ಕೆಡುಕುಮಾಡುವ ಪದಾರ್ಥ, ಕೊನೆಗೆ ಪ್ರಾಣಿ. ಇವುಗಳಿಂದ ಸಾಧಾರಣ ಗಾಯವಾದರೆ ಮೂರು ವರ್ಷದವರೆಗೆ ಸೆರೆವಾಸ. ತೀವ್ರ ಗಾಯವಾದರೆ 326ನೇ ಕಲಮಿನಡಿ ಹತ್ತು ವರ್ಷದವರೆಗೆ ಸೆರೆ ಅಥವಾ ಜೀವಾವಧಿ. ಹಾಗಾಗಿ ಹಳೆಯ ಕಾನೂನಿಗೆ ಆಸಿಡ್‌ನ ಅರಿವೇ ಇರಲಿಲ್ಲ ಎಂಬ ಮಾತು ಸರಿಯಲ್ಲ. ತೊಡಕು ಇದ್ದದ್ದು ಅಳತೆಗೋಲಿನಲ್ಲಿ.

ತೀವ್ರ ಗಾಯ ಯಾವುದೆಂದು ಹೇಳುತ್ತಿದ್ದುದು 320ನೇ ಕಲಂ. ಕಣ್ಣು ಹೋಗಬೇಕು, ಕಿವಿ ಕೇಳದಾಗಬೇಕು, ಅಂಗ ಅಥವಾ ಕೀಲು ಊನವಾಗಬೇಕು, ಮೂಳೆ ಇಲ್ಲವೇ ಹಲ್ಲು ಮುರಿಯಬೇಕು, ತಲೆ ಅಥವಾ ಮುಖ ಶಾಶ್ವತವಾಗಿ ವಿರೂಪಗೊಳ್ಳಬೇಕು. ಪ್ರಾಣಾಪಾಯವಿರಬೇಕು, ಇಲ್ಲವೇ 20 ದಿನ ತೀವ್ರ ನೋವಿನಲ್ಲಿ ನರಳಬೇಕು ಅಥವಾ ದಿನನಿತ್ಯದ ಕೆಲಸ ಮಾಡಲಾಗದೆ ಇರಬೇಕಿತ್ತು. ಕತ್ತಿ, ದೊಣ್ಣೆಗಳ ಪೆಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದ ಪಟ್ಟಿಯಿದು ಎಂದು ನನಗೆ ತೋರುತ್ತದೆ. ಕತ್ತು, ಎದೆ, ತೋಳಿನ ಚರ್ಮ ಸುಟ್ಟು ಕಲೆಗಟ್ಟಿದರೆ ವಿರೂಪದ ಮಾತು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ಎಣಿಸಬೇಕಿತ್ತು. ಎರಚಿದ ಆಸಿಡ್ ಗುರಿ ತಪ್ಪಿದರೆ ಅದಕ್ಕೆಂದೇ ಒಂದು ಕಲಂ ಇರಲಿಲ್ಲ. ಇಂಗ್ಲೆಂಡಿನ 1861ರ ಕಾಯ್ದೆಯಾದರೋ ಸುಡುವ ದ್ರವ ಎರಚುವುದನ್ನೇ, ಗಾಯವಾಗಲಿ ಆಗದಿರಲಿ, ಪ್ರತ್ಯೇಕ ಅಪರಾಧವೆಂದು 29ನೇ ಕಲಮಿನಲ್ಲಿ ಬರೆದಿತ್ತು. ವಸಾಹತಿಗೆ ಆ ರಕ್ಷಣೆ ಸಿಗಲಿಲ್ಲ.

ಈ ಕೊರತೆ ಕರ್ನಾಟಕದಲ್ಲಿ ಎದ್ದು ಕಂಡಿತು. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬಳ ಮೇಲೆ ಅವಳ ಹಿಂದಿನ ಮಾಲೀಕ ಸಲ್ಫ್ಯೂರಿಕ್ ಆಸಿಡ್ ಸುರಿದ. ಅವಳ ದೃಷ್ಟಿಯೂ ಹೋಯಿತು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅವನಿಗೆ ಜೀವಾವಧಿ ವಿಧಿಸಿದ್ದು 307ನೇ ಕಲಮಿನಡಿ, ಕೊಲೆಯತ್ನಕ್ಕಾಗಿ. ಬದುಕಿರುವವಳಿಗೆ ಆದ ಹಾನಿಯನ್ನು, ಆಗದೆ ಉಳಿದ ಸಾವಿನ ಹೆಸರಿನಲ್ಲಿ ತೂಗಬೇಕಾಯಿತು. ಆಸಿಡ್ ದಾಳಿಯ ವಿರುದ್ಧ ಬೆಂಗಳೂರಿನ ಹೆಣ್ಣುಮಕ್ಕಳು ಅಷ್ಟರಲ್ಲಾಗಲೇ ಸಂಘಟಿತರಾಗಿದ್ದರು. ಕಾನೂನು ಆಯೋಗ ತನ್ನ 226ನೇ ವರದಿಯಲ್ಲಿ ಪ್ರತ್ಯೇಕ ಕಲಂ ಬೇಕೆಂದಿತು.

ಅದು ಕೈಗೂಡಿದ್ದು 2013ರಲ್ಲಿ. 326ಎ ಕಲಂ ಆಸಿಡ್ ದಾಳಿಗೆ ಕನಿಷ್ಠ ಹತ್ತು ವರ್ಷ ಸೆರೆ ವಿಧಿಸಿತು, ದಂಡದ ಹಣ ಸಂತ್ರಸ್ತರಿಗೇ ಸೇರಬೇಕೆಂದಿತು. 326ಬಿ ಎರಚಲು ಯತ್ನಿಸಿದವರಿಗೂ ಕನಿಷ್ಠ ಐದು ವರ್ಷವೆಂದಿತು. ನನ್ನ ಮಟ್ಟಿಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚಿಕ್ಕ ವಿವರಣೆ: ಹಾನಿ ಇನ್ನೆಂದೂ ಸರಿಯಾಗದಂಥದ್ದೇ ಆಗಿರಬೇಕಿಲ್ಲ. ಅಂದರೆ ಶಸ್ತ್ರಚಿಕಿತ್ಸೆಯಿಂದ ಮುಖ ಸುಧಾರಿಸಿತೆಂಬುದು ಇನ್ನು ಆರೋಪಿಯ ವಾದವಾಗದು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಂಗಡಿಗಳಲ್ಲಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಆಸಿಡ್ ದಾಳಿ ಈಗ ಅದರ 124ನೇ ಕಲಂ. ಬೆಂಕಿ, ಕಾಯಿಸಿದ ವಸ್ತು, ವಿಷದ ಹಳೆಯ ಪಟ್ಟಿ 118ಕ್ಕೆ ಬಂದಿದೆ. ತೀವ್ರ ಗಾಯದ ಅಳತೆ 116ರಲ್ಲಿದೆ. ಅಲ್ಲಿ 20 ದಿನ ಇದ್ದದ್ದು 15 ಆಗಿದೆ.