ಗೋಲ್ಕೊಂಡದ ದಾಸ್ತಾನ್ ಮತ್ತು ಮೇಜಿನ ಸುತ್ತಲ ಕಥೆಯಾಟ

1591ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಇನ್ನೂ ಎಳೆಯ ನಗರವಾಗಿದ್ದಾಗಲೇ, 1612ರಲ್ಲಿ, ಇರಾನಿನ ಹಮದಾನ್ ಮೂಲದ ಹಾಜಿ ಎಂಬ ಕಿಸ್ಸಾಖ್ವಾನ್, ಅಂದರೆ ಕಥೆ ಹೇಳುವುದನ್ನೇ ಕಸುಬಾಗಿಸಿಕೊಂಡವನು, ಅಮೀರ್ ಹಂಝಾ ಎಂಬ ವೀರನ ಕಥೆಯ ಹಸ್ತಪ್ರತಿಗಳನ್ನು ಹೊತ್ತು ಇಲ್ಲಿಗೆ ಬಂದನು. ಅವುಗಳನ್ನು ಕಂಡ ಗೋಲ್ಕೊಂಡದ ದೊರೆ ಅವುಗಳ ಸಾರ ಸಂಗ್ರಹಿಸಿ ಬರೆಯೆಂದು ಆಜ್ಞಾಪಿಸಿದ್ದರಿಂದ 'ಜುಬ್ದತ್-ಉರ್-ರುಮೂಜ್' ಎಂಬ ಪರ್ಷಿಯನ್ ಗ್ರಂಥ ಸಿದ್ಧವಾಯಿತು.

ದಾಸ್ತಾನ್ ಎನಿಸಿಕೊಳ್ಳುವ ಈ ದೀರ್ಘಕಥೆಯಲ್ಲಿ ನಾಯಕ ಒಂಟಿಯಲ್ಲ. ಹಂಝಾನ ಜೊತೆಗೆ ಬಿಲ್ಗಾರ ಮುಕ್ಬಿಲ್, ಹಿಂದೂಸ್ಥಾನದ ಬಲಶಾಲಿ ಲಂಧೌರ್, ಎಲ್ಲಕ್ಕಿಂತ ಹೆಚ್ಚಾಗಿ ವೇಷ ಮರೆಸಿಕೊಳ್ಳುವುದರಲ್ಲಿ ನಿಸ್ಸೀಮನಾದ ಅಮರ್ ಅಯ್ಯಾರ್ ಇದ್ದಾರೆ. ಅಮರನ ಹೆಗಲಿನ 'ಜಂಬೀಲ್' ಎಂಬ ಚೀಲದಲ್ಲಿ ಎಷ್ಟು ತುಂಬಿದರೂ ಜಾಗ ಉಳಿಯುತ್ತದೆ. ಯುದ್ಧ, ರಾಜಸಭೆಯ ವಿಲಾಸ, ಅಯ್ಯಾರರೆಂಬ ಠಕ್ಕರ ತಂತ್ರ ಮತ್ತು ತಿಲಿಸ್ಮ್ ಎಂಬ ನಾಲ್ಕು ಎಳೆಗಳನ್ನು ಹೆಣೆಯುತ್ತ ಕಥೆ ಸಾಗುತ್ತದೆ. ತಿಲಿಸ್ಮ್ ಎಂದರೆ ಮಾಂತ್ರಿಕನು ಕಟ್ಟಿದ, ತನ್ನದೇ ನಿಯಮಗಳುಳ್ಳ ಮಾಯಾಲೋಕ. ಅದನ್ನು ಭೇದಿಸುವ ದಾರಿಯನ್ನು 'ಲೌಹ್' ಎಂಬ ಫಲಕ ತಿಳಿಸುತ್ತದೆ. ಕೇಳುಗರ ಕುತೂಹಲವನ್ನು ಅಳೆದು, ಕಥೆ ಮುಂದಕ್ಕೆ ಹೋಗದಂತೆ ವರ್ಣನೆಯಿಂದಲೇ ತಡೆದು ಹಿಡಿಯುವುದು ಕಥೆ ಹೇಳುವ ನುರಿತ ದಾಸ್ತಾನ್‌ಗೋನ ವಿದ್ಯೆಯಾಗಿತ್ತು. ಬಾಯಿಪಾಠ ಒಪ್ಪಿಸುವವನಿಗೆ ಇದು ದಕ್ಕುವಂಥದ್ದಲ್ಲ.

ಲಖನೌದ ನವಲ್ ಕಿಶೋರ್ ಮುದ್ರಣಾಲಯ ಉರ್ದು ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚುಹಾಕಿದರೂ ಹೇಳುವ ಕಲೆ ಕ್ಷೀಣಿಸಿತು; ದೆಹಲಿಯ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡ ಮೇಲೆ, ಅದು ಮತ್ತೆ ವೇದಿಕೆಯೇರಿದ್ದು 2005ರಲ್ಲಿ, ಶಮ್ಸುರ್ ರಹಮಾನ್ ಫಾರೂಕಿ ಮತ್ತು ಮಹಮೂದ್ ಫಾರೂಕಿ ಅವರ ಪ್ರಯತ್ನದಿಂದ.

ದಾಸ್ತಾನನ್ನು ನೆನಪಿಸುವ ಇನ್ನೊಂದು ಕಥೆಯಾಟವೂ ಇದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾದಾಗ ರೂಪುಗೊಂಡ ರೋಲ್ ಪ್ಲೇಯಿಂಗ್ ಆಟದಲ್ಲಿ ಗೆಳೆಯರು ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬನು ನಿರೂಪಕನಾಗಿ ಲೋಕವನ್ನು ಬಣ್ಣಿಸುತ್ತಾನೆ, ದಾಳ ಫಲಿತಾಂಶ ಹೇಳುತ್ತದೆ. ಅಲ್ಲಿಯೂ ಬಿಲ್ಗಾರನಿದ್ದಾನೆ, ಠಕ್ಕನಿದ್ದಾನೆ, ತುಂಬಿ ಮುಗಿಯದ ಚೀಲವಿದೆ. ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಆಧಾರವಿಲ್ಲ. ಆದರೆ ದಾಸ್ತಾನಿನಲ್ಲಿ ಮಾತು ಒಬ್ಬನದೇ ಆಗಿದ್ದರೆ, ಇಲ್ಲಿ ಕೇಳುಗರೇ ಪಾತ್ರವಾಗಿ ಮಾತಾಡುತ್ತಾರೆ. ಈ ಗುಣ ಕನ್ನಡಿಗರಿಗೆ ಅಪರಿಚಿತವಲ್ಲ, ಕಾಸರಗೋಡು ಮತ್ತು ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಎದುರಾಳಿಯ ಮಾತಿಗೆ ಆಗಲೇ ಮಾತು ಹುಟ್ಟಿಸಿ ಪ್ರಸಂಗ ನಡೆಸುವುದೂ ಹೀಗೆಯೇ.

ಹೈದರಾಬಾದಿನಲ್ಲಿ ರೋಲ್ ಪ್ಲೇಯಿಂಗ್ ಆಟಕ್ಕೆ ಹೊಸದಾಗಿ ಕೂರುವ ಗೆಳೆಯರು ಯುರೋಪಿನ ಕೋಟೆಗಳನ್ನು ಹುಡುಕುವ ಮೊದಲು, ನಾನೂರು ವರ್ಷಗಳ ಹಿಂದೆಯೇ ತಮ್ಮ ಊರಿಗೆ ಬಂದಿಳಿದ ಹಂಝಾನ ತಿಲಿಸ್ಮನ್ನೇ ಒಮ್ಮೆ ಆಡಿ ನೋಡಬೇಕು.