ಬೈಕಿನ ಕ್ಲಚ್ ಬಿಡದಿರುವಿಕೆ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ದೋಷ ಪತ್ತೆ

ಕ್ಲಚ್ ಲಿವರನ್ನು ಪೂರ್ತಿ ಹಿಡಿದರೂ ಎಂಜಿನ್‌ನ ಬಲ ಗೇರ್‌ಬಾಕ್ಸ್‌ಗೆ ಹರಿಯುವುದು ನಿಲ್ಲದಿದ್ದರೆ ಅದನ್ನು ಕ್ಲಚ್ ಬಿಡದಿರುವಿಕೆ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಪ್ಲೇಟುಗಳು ಬೇರೆಯಾದರೂ ಒಂದಕ್ಕೊಂದು ಉಜ್ಜುತ್ತಲೇ ಇರುವುದು ಒಂದು. ವರ್ಕ್‌ಶಾಪಿನ ಮಾತಿನಲ್ಲಿ ‘ಕ್ಲಚ್ ಸರಿ ಕಟ್ ಆಗುವುದಿಲ್ಲ’. ಬಹಳ ದಿನ ನಿಂತ ಬೈಕಿನಲ್ಲಿ ಪ್ಲೇಟುಗಳು ಅಂಟಿಕೊಂಡು ಬೇರೆಯಾಗದಿರುವುದು ಇನ್ನೊಂದು. ಅದು ‘ಪ್ಲೇಟ್ ಜಾಮ್’. ಎಂಜಿನ್ ಕೂಗಿದರೂ ಬೈಕ್ ಏರು ಹತ್ತದ ‘ಕ್ಲಚ್ ಸ್ಲಿಪ್’ ಇದಕ್ಕೆ ನೇರ ವಿರುದ್ಧವಾದ ದೋಷ. ಎರಡನ್ನೂ ಒಂದೇ ಎಂದು ತಿಳಿದು ಕೇಬಲನ್ನು ತಪ್ಪು ದಿಕ್ಕಿಗೆ ತಿರುಗಿಸಿದರೆ ಇದ್ದ ತೊಂದರೆ ಹೆಚ್ಚುತ್ತದೆ.

ಪತ್ತೆಯ ಕ್ರಮ ಹೊರಗಿನಿಂದ ಒಳಕ್ಕೆ ಸಾಗಬೇಕು: ಮೊದಲು ಕೇಬಲ್, ಬಳಿಕ ಎಣ್ಣೆ, ಕೊನೆಗೆ ಪ್ಲೇಟ್. ಕೇಬಲ್ ನೋಡದೆ ಕ್ಲಚ್ ಕವರ್ ಬಿಚ್ಚುವುದು ಸವಾರನ ಹಣಕ್ಕೂ ಬೈಕಿನ ಆಯುಷ್ಯಕ್ಕೂ ನಷ್ಟ.

ರಚನೆ ಮತ್ತು ಲೆಕ್ಕ

ಇಂದಿನ ಬಹುತೇಕ ಗೇರ್ ಬೈಕುಗಳ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ನೆನೆದಿರುತ್ತದೆ. ಎಂಜಿನ್ ಜೊತೆ ತಿರುಗುವ ಹೊರಬುಟ್ಟಿಯ ಬೆರಳುಗಳ ನಡುವೆ ಫ್ರಿಕ್ಷನ್ ಪ್ಲೇಟುಗಳು, ಗೇರ್‌ಬಾಕ್ಸ್ ಶಾಫ್ಟಿಗೆ ಸೇರಿದ ಹಬ್‌ನ ಹಲ್ಲುಗಳಿಗೆ ಉಕ್ಕಿನ ಪ್ಲೇಟುಗಳು ಒಂದು ಬಿಟ್ಟೊಂದರಂತೆ ಕೂತಿರುತ್ತವೆ. ಸ್ಪ್ರಿಂಗುಗಳು ಪ್ರೆಶರ್ ಪ್ಲೇಟಿನ ಮೂಲಕ ಅವನ್ನು ಅದುಮಿ ಹಿಡಿಯುತ್ತವೆ. ಲಿವರ್ ಹಿಡಿದಾಗ ಕೇಬಲ್ ರಿಲೀಸ್ ಆರ್ಮನ್ನು ಎಳೆದು ಪ್ರೆಶರ್ ಪ್ಲೇಟನ್ನು ಒಂದೆರಡು ಮಿ.ಮೀ.ನಷ್ಟು ಮಾತ್ರ ಸರಿಸುತ್ತದೆ.

ದೋಷದ ಗುಟ್ಟು ಈ ಸಣ್ಣ ಅಳತೆಯಲ್ಲಿದೆ. ಪ್ರೆಶರ್ ಪ್ಲೇಟ್ 1.5 ಮಿ.ಮೀ. ಸರಿಯಿತು ಎಂದುಕೊಳ್ಳೋಣ. ಐದು ಫ್ರಿಕ್ಷನ್ ಪ್ಲೇಟುಗಳ ಹತ್ತು ಮೈಗಳಿಗೆ ಅದನ್ನು ಹಂಚಿದರೆ ಒಂದೊಂದಕ್ಕೆ ಸಿಗುವುದು 0.15 ಮಿ.ಮೀ. ಅಂತರ. ಒಂದು ಉಕ್ಕಿನ ಪ್ಲೇಟ್ 0.3 ಮಿ.ಮೀ. ಬಾಗಿದ್ದರೆ ಎರಡು ಮೈಗಳ ಪಾಲನ್ನು ಅದೊಂದೇ ನುಂಗುತ್ತದೆ. ಕೇಬಲ್ ಸ್ವಲ್ಪ ಸಡಿಲವಾಗಿದ್ದರೂ ಇದೇ ಪಾಲಿಗೆ ಕತ್ತರಿ ಬೀಳುತ್ತದೆ.

ಸೀಮೆಯ ಸನ್ನಿವೇಶ

ದಕ್ಷಿಣ ಕನ್ನಡದ ಈ ಮೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ಬುಡದಲ್ಲಿವೆ. ಪುತ್ತೂರು, ಸುಳ್ಯಗಳನ್ನು ಹಾದು ಸಂಪಾಜೆಯಿಂದ ಘಟ್ಟ ಏರುವ ಮಾಣಿ–ಮೈಸೂರು ರಸ್ತೆ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯನ್ನು ಮುಟ್ಟುತ್ತದೆ. ಪುತ್ತೂರು, ಸುಳ್ಯ ತಾಲ್ಲೂಕುಗಳ ಗ್ರಾಮಗಳಿಂದ ರೂಪುಗೊಂಡ ಕಡಬ ತಾಲ್ಲೂಕಿನಲ್ಲಿ ನೆಲ್ಯಾಡಿ, ಗುಂಡ್ಯದ ಮೂಲಕ ಶಿರಾಡಿ ಘಾಟಿಗೆ ಹೋಗುವ ಹೆದ್ದಾರಿಯೂ ಸುಬ್ರಹ್ಮಣ್ಯದ ರಸ್ತೆಯೂ ಇವೆ. ಆದರೆ ಕ್ಲಚ್ಚಿಗೆ ನಿಜವಾದ ಕಷ್ಟ ಕೊಡುವುದು ಹೆದ್ದಾರಿಯಲ್ಲ, ಹೆದ್ದಾರಿಯಿಂದ ತೋಟದ ಮನೆಗೆ ಇಳಿಯುವ ಚಡಾವು. ಹಿಂದಿನ ಸೀಟಿನಲ್ಲಿ ಅಡಿಕೆ ಚೀಲವೋ ರಬ್ಬರ್ ಶೀಟಿನ ಕಟ್ಟೋ ಇದ್ದು, ಮೊದಲ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದೇ ಹತ್ತಿದರೆ ಪ್ಲೇಟುಗಳು ಕಾದು ಬಾಗುತ್ತವೆ.

ಎರಡನೆಯ ಕಾರಣ ಮಳೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುವ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ನೀರು ಲಿವರಿನ ಬುಡದಿಂದ ಕೇಬಲಿನ ಒಳಗೆ ಇಳಿದು ತಂತಿಗೆ ತುಕ್ಕು ಹಿಡಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಸಾಮಗ್ರಿಯನ್ನು ಬೈಕಿನಲ್ಲೇ ಸಾಗಿಸುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ದ್ರಾವಣಕ್ಕೆ ಬಳಸುವ ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುವುದೂ ಇದಕ್ಕೇ. ಕೇಬಲಿನ ಮೇಲೆ ಅದು ಚೆಲ್ಲಿದರೆ ಕೂಡಲೇ ಒಳ್ಳೆಯ ನೀರಿನಲ್ಲಿ ತೊಳೆಯಬೇಕು.

ಲಕ್ಷಣಗಳು

ಬೈಕ್ ನಿಂತಿರುವಾಗ ನ್ಯೂಟ್ರಲ್ ಸಿಗದೆ, ಚಲಿಸುವಾಗ ಸುಲಭವಾಗಿ ಸಿಗುವುದು ಈ ದೋಷದ ಸ್ಪಷ್ಟ ಗುರುತು. ನ್ಯೂಟ್ರಲ್‌ನಿಂದ ಮೊದಲ ಗೇರಿಗೆ ಹಾಕಿದಾಗ ‘ಢಣ್’ ಎಂದು ಬಡಿದು ಬೈಕ್ ಮುಂದೆ ಜಿಗಿಯುತ್ತದೆ. ಲಿವರ್ ಪೂರ್ತಿ ಹಿಡಿದು ನಿಂತರೂ ಬೈಕ್ ಮೆಲ್ಲಗೆ ತೆವಳುತ್ತದೆ, ಬ್ರೇಕ್ ಒತ್ತಿದರೆ ಎಂಜಿನ್ ಆಫ್ ಆಗುತ್ತದೆ. ಪೇಟೆಯ ಸಮತಟ್ಟಿನಲ್ಲಿ ಇದು ಬರೀ ಕಿರಿಕಿರಿ. ಚಡಾವಿನಲ್ಲಿ, ಹಿಂದೆ ಮಕ್ಕಳು ಕೂತಿರುವಾಗ, ಇದು ಅಪಾಯ. ಆದ್ದರಿಂದ ‘ಹೇಗೋ ಓಡುತ್ತದಲ್ಲ’ ಎಂದು ಮುಂದೂಡುವ ದೋಷ ಇದಲ್ಲ.

ಎಂಜಿನ್ ತಣ್ಣಗಿರುವಾಗ ಮಾತ್ರ, ಮೊದಲ ಒಂದೆರಡು ನಿಮಿಷ ಹೀಗಾಗಿ ಆಮೇಲೆ ಸರಿಯಾದರೆ ಅದು ತಣ್ಣನೆಯ ಎಣ್ಣೆಯ ಗುಣ, ದೋಷವಲ್ಲ. ಕಾದ ಮೇಲೆ ಹೆಚ್ಚುವುದಾದರೆ ಪ್ಲೇಟ್ ಬಾಗಿರುವ ಶಂಕೆ ಬಲವಾಗುತ್ತದೆ.

ಪತ್ತೆಯ ಕ್ರಮ

ಮೊದಲು, ದೋಷ ಕ್ಲಚ್ಚಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ಆಫ್ ಮಾಡಿ, ಬೈಕನ್ನು ಹಿಂದೆ ಮುಂದೆ ಸ್ವಲ್ಪ ಅಲುಗಿಸುತ್ತ ಗೇರ್ ಬದಲಿಸಿದಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬಿಗಿಯಾದರೆ ತಪ್ಪು ಕ್ಲಚ್ಚಿನದು. ಎರಡು ಸಲವೂ ಬಿಗಿಯಾಗಿದ್ದರೆ ಗೇರ್ ಬದಲಿಸುವ ಭಾಗಗಳನ್ನು ನೋಡಬೇಕು. ಐಡ್ಲಿಂಗ್ ಹೆಚ್ಚಿದ್ದರೂ ಗೇರ್ ಬಡಿಯುತ್ತದೆ. 100–125 ಸಿ.ಸಿ. ಬೈಕುಗಳಲ್ಲಿ ಅದು ನಿಮಿಷಕ್ಕೆ 1,400 ಸುತ್ತಿನ ಆಚೀಚೆ ಇರುವುದು ಸಾಮಾನ್ಯ.

ಎರಡನೆಯದು ಸೆಂಟರ್ ಸ್ಟ್ಯಾಂಡ್ ಪರೀಕ್ಷೆ. ಬಿಸಿಯಾದ ಎಂಜಿನ್ ಓಡುತ್ತಿರಲು, ಕ್ಲಚ್ ಹಿಡಿದು ಮೊದಲ ಗೇರ್ ಹಾಕಬೇಕು. ಹಿಂದಿನ ಚಕ್ರ ನಿಧಾನ ತಿರುಗಿ, ಬ್ರೇಕ್ ಮುಟ್ಟಿಸಿದೊಡನೆ ಸುಮ್ಮನೆ ನಿಂತರೆ ಚಿಂತೆಯಿಲ್ಲ. ಅಷ್ಟು ಸೆಳೆತ ಎಣ್ಣೆಯದು. ಬ್ರೇಕಿಗೆ ಎಂಜಿನ್‌ನ ಸದ್ದು ಕುಸಿದರೆ ಕ್ಲಚ್ ಬಿಡುತ್ತಿಲ್ಲ. ಚಕ್ರಕ್ಕೆ ಕೈ ಒಡ್ಡಬಾರದು.

ಮೂರನೆಯದು ಕೇಬಲ್. ಲಿವರಿನ ತುದಿಯಲ್ಲಿ ಭಾರವಿಲ್ಲದೆ ಆಡುವ ಫ್ರೀ ಪ್ಲೇ ಹಲವು 100–125 ಸಿ.ಸಿ. ಬೈಕುಗಳಲ್ಲಿ 10–20 ಮಿ.ಮೀ. ಇರಬೇಕು, ಆಯಾ ಬೈಕಿನ ಕೈಪಿಡಿಯ ಅಳತೆಯೇ ಅಂತಿಮ. ಅದಕ್ಕಿಂತ ಹೆಚ್ಚಾದರೆ ಕ್ಲಚ್ ಬಿಡುವುದಿಲ್ಲ, ತೀರ ಕಡಿಮೆಯಾದರೆ ಸ್ಲಿಪ್ ಆಗುತ್ತದೆ. ಅಳತೆ ಸರಿಯಿದ್ದರೆ ಒಬ್ಬರು ಲಿವರ್ ಹಿಡಿಯುವಾಗ ಇನ್ನೊಬ್ಬರು ಎಂಜಿನ್ ಬಳಿಯ ರಿಲೀಸ್ ಆರ್ಮನ್ನು ನೋಡಬೇಕು. ಆರ್ಮ್ ತಡವಾಗಿ, ತಡೆದು ತಡೆದು ಸರಿದರೆ ತಪ್ಪು ಕೇಬಲಿನದು. ಲಿವರಿನಿಂದ ಕೇಬಲಿನ ನಿಪ್ಪಲ್ ಹೊರತೆಗೆದು ಬೆಳಕಿಗೆ ಹಿಡಿದರೆ ಅದರ ಕತ್ತಿನಲ್ಲಿ ಒಂದೆರಡು ಎಳೆ ತುಂಡಾಗಿ ಮುಳ್ಳಿನಂತೆ ಎದ್ದಿರುವುದು ಕಾಣಬಹುದು. ಹಾಗೆ ಕಂಡರೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಕೇಬಲನ್ನೇ ಬದಲಿಸಬೇಕು.

ನಾಲ್ಕನೆಯದು ಎಣ್ಣೆ. ಮಟ್ಟ ಮೀರಿ ತುಂಬಿದ ಅಥವಾ ಹೇಳಿದ್ದಕ್ಕಿಂತ ದಪ್ಪಗಿನ ಎಣ್ಣೆ ಪ್ಲೇಟುಗಳನ್ನು ಬೇರೆಯಾಗಲು ಬಿಡದು. 10ಡಬ್ಲ್ಯು–30 ಬೇಕಾದ ಬೈಕಿಗೆ 20ಡಬ್ಲ್ಯು–50 ಹಾಕುವುದು ಇಂಥ ತಪ್ಪು. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಗುರುತಿರಬೇಕು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ತುಂಬಿದ ತೋಡು ದಾಟಿ ಬಂದ ಬೈಕಿನಲ್ಲಿ ಇದನ್ನು ಅದೇ ದಿನ ನೋಡಬೇಕು.

ಇಷ್ಟೆಲ್ಲ ಸರಿಯಿದ್ದು, ಆರ್ಮ್ ಪೂರ್ತಿ ಸರಿದರೂ ಕ್ಲಚ್ ಬಿಡದಿದ್ದಾಗ ಮಾತ್ರ ಕವರ್ ಬಿಚ್ಚಬೇಕು. ಉಕ್ಕಿನ ಪ್ಲೇಟಿನ ಮೇಲೆ ನೀಲಿ ಕಲೆ ಇದ್ದರೆ ಅದು ಅತಿಯಾಗಿ ಕಾದಿತ್ತು ಎಂದರ್ಥ. ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು, ಅಂಚಿನ ಅಡಿಗೆ ಫೀಲರ್ ಗೇಜ್ ತೂರಿಸಿ ಬಾಗು ಅಳೆಯಬೇಕು, 0.2–0.3 ಮಿ.ಮೀ. ಹಲವು ಬೈಕುಗಳ ಮಿತಿ. ಬುಟ್ಟಿಯ ಬೆರಳುಗಳ ಬದಿಯಲ್ಲಿ ಉಗುರು ಎಳೆದಾಗ ಮೆಟ್ಟಿಲಿನಂತೆ ತಡೆದರೆ, ಫ್ರಿಕ್ಷನ್ ಪ್ಲೇಟಿನ ಕಿವಿಗಳು ಬಡಿದು ಮಾಡಿದ ಆ ಕಚ್ಚುಗಳಲ್ಲೇ ಪ್ಲೇಟ್ ಸಿಕ್ಕಿಕೊಳ್ಳುತ್ತಿದೆ. ಸಣ್ಣ ಕಚ್ಚನ್ನು ಅರದಿಂದ ನಯಗೊಳಿಸಬಹುದು, ಆಳವಾಗಿದ್ದರೆ ಬುಟ್ಟಿಯನ್ನೇ ಬದಲಿಸಬೇಕು. ಒಂದು ಸ್ಪ್ರಿಂಗ್ ಮುರಿದರೆ ಅಥವಾ ಬೋಲ್ಟುಗಳನ್ನು ಸಮವಾಗಿ ಬಿಗಿಯದಿದ್ದರೆ ಪ್ರೆಶರ್ ಪ್ಲೇಟ್ ಓರೆಯಾಗಿ ಏಳುತ್ತದೆ. ಪುಶ್ ರಾಡ್, ಬೇರಿಂಗುಗಳ ಸವೆತವನ್ನೂ ಇದೇ ಸಲ ನೋಡಬೇಕು. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಜಿನ್ ಎಣ್ಣೆಯಲ್ಲಿ ನೆನೆಸಿಯೇ ಜೋಡಿಸಬೇಕು.

ಅಂಟಿದ ಪ್ಲೇಟುಗಳು

ಮಳೆಗಾಲವಿಡೀ ಕೊಟ್ಟಿಗೆಯ ಬದಿಯಲ್ಲಿ ನಿಂತ ಬೈಕನ್ನು ನೇರ ಗೇರ್ ಹಾಕಿ ಹೊರಡಿಸಬಾರದು. ಕ್ಲಚ್ ಹಿಡಿದಿದ್ದರೂ ಅದು ಎದುರಿನ ಗೋಡೆಗೆ ನುಗ್ಗಬಹುದು. ನ್ಯೂಟ್ರಲ್‌ನಲ್ಲಿ ಕೆಲವು ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಿ, ಎಂಜಿನ್ ಆಫ್ ಮಾಡಿ, ಮೂರನೆಯ ಗೇರಿನಲ್ಲಿ ಕ್ಲಚ್ ಹಿಡಿದು ಸಮತಟ್ಟು ಅಂಗಳದಲ್ಲಿ ಹಿಂದೆ ಮುಂದೆ ತಳ್ಳಿದರೆ ಪ್ಲೇಟುಗಳು ಹೆಚ್ಚಾಗಿ ಬಿಟ್ಟುಕೊಳ್ಳುತ್ತವೆ.

ಹಳೆಯ ಬುಲೆಟ್‌ನ ಕ್ಲಚ್ ಪ್ರತ್ಯೇಕ ಪ್ರೈಮರಿ ಚೈನ್ ಕೇಸಿನಲ್ಲಿರುವುದರಿಂದ ಅಲ್ಲಿನ ಎಣ್ಣೆಯನ್ನು ಬೇರೆಯಾಗಿಯೇ ನೋಡಬೇಕು. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ನಾಲ್ಕೈದು ಸಲ ಕಿಕ್ಕರ್ ತುಳಿದು ಪ್ಲೇಟ್ ಬಿಡಿಸುವ ಹಳಬರ ರೂಢಿ ಅರ್ಥವುಳ್ಳದ್ದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿಗಳಲ್ಲಿ ಗೇರ್ ಪೆಡಲ್ ಒತ್ತಿದರೂ ಕ್ಲಚ್ ಬಿಡುವ ಏರ್ಪಾಡಿತ್ತು. ಅವುಗಳಲ್ಲಿ ಕೇಬಲಿನ ಜೊತೆಗೆ ಆ ಜೋಡಣೆಯ ಅಳತೆಯನ್ನೂ ಪರೀಕ್ಷಿಸಬೇಕು. ಗೇರಿಲ್ಲದ ಸ್ಕೂಟರುಗಳಲ್ಲಿ ಕ್ಲಚ್ ಲಿವರೇ ಇಲ್ಲ. ನಿಂತಲ್ಲೇ ತೆವಳಿದರೆ ಐಡ್ಲಿಂಗ್ ಹೆಚ್ಚಾಗಿರುವುದನ್ನೂ ಕ್ಲಚ್ ಶೂಗಳ ಸ್ಪ್ರಿಂಗ್ ಸೋತಿರುವುದನ್ನೂ ನೋಡಬೇಕು.

ತಡೆಯುವ ಬಗೆ

ಚಡಾವಿನಲ್ಲಿ ನಿಲ್ಲಬೇಕಾದರೆ ಹಾಫ್ ಕ್ಲಚ್ಚಿನಲ್ಲಿ ತೂಗಾಡಿಸದೆ ಬ್ರೇಕಿನಲ್ಲಿ ನಿಲ್ಲಿಸಬೇಕು. ನಿಂತ ಬೈಕನ್ನು ವಾರಕ್ಕೊಮ್ಮೆಯಾದರೂ ಸ್ವಲ್ಪ ದೂರ ಓಡಿಸಬೇಕು. ತೋಟಕ್ಕೆ ಮೊದಲ ಔಷಧಿ ಬಿಡುವ ದಿನ ಗೊತ್ತುಮಾಡುವಾಗಲೇ ಕ್ಲಚ್ ಕೇಬಲಿಗೂ ಒಂದು ದಿನ ಇಟ್ಟುಕೊಂಡು, ಎಣ್ಣೆ ಬಿಟ್ಟು, ಲಿವರಿನ ಬುಡದ ರಬ್ಬರ್ ಮುಚ್ಚಳ ಸರಿಪಡಿಸಿದರೆ ಮಳೆಯ ನಾಲ್ಕು ತಿಂಗಳೂ ಕೈಗೆ ಕ್ಲಚ್ ಹಗುರವಾಗಿಯೇ ಇರುತ್ತದೆ.